ಹಸಿರಿನ ಕೂಟಕ್ಕೆ ಕರೆ ಬಂದರೆ ಹೋಗಬೇಕೇ?

ಬೇಸಿಗೆ ರಜೆ ಬಂತೆಂದರೆ ಪರಿಸರದ ಬಗ್ಗೆ ಕಾಳಜಿಯುಳ್ಳ ಬಳಗಗಳು ಶನಿವಾರ, ಆದಿತ್ಯವಾರಗಳಂದು ಯಾವುದಾದರೂ ಉದ್ಯಾನದಲ್ಲಿ ಕೂಡುತ್ತವೆ. ಮರಗಳ ಪರಿಚಯ, ಹಕ್ಕಿ ವೀಕ್ಷಣೆ, ಕಸ ಹೆಕ್ಕುವುದು, ಮಕ್ಕಳಿಂದ ಬೀಜದುಂಡೆ ಮಾಡಿಸುವುದು ಇತ್ಯಾದಿ ಅಲ್ಲಿ ನಡೆಯುತ್ತದೆ. ಕಡಿಯಾಳಿಯಲ್ಲಿರುವವರಿಗೆ ಇಂತಹ ಜಾಗ ದೂರವೇನಲ್ಲ. ಒಂದು ಕಡೆ ಅಜ್ಜರಕಾಡಿನ ಭುಜಂಗ ಪಾರ್ಕು, ಇನ್ನೊಂದು ಕಡೆ ಮಣಿಪಾಲದ ಮಣ್ಣಪಳ್ಳ.

ಅಂತಹ ಕೂಟಕ್ಕೆ ನಿಮ್ಮ ಮನೆಗೂ ಕರೆ ಬಂದಿದೆ ಎಂದಿಟ್ಟುಕೊಳ್ಳಿ. ನಿಮ್ಮ ಉತ್ತರವೇನು? ನಮ್ಮಲ್ಲಿ ಹಲವರು ಹೇಳುವುದು ಹೀಗೆ: “ಅದು ನಮ್ಮವರ ಕಾರ್ಯಕ್ರಮವಲ್ಲ.” “ಹಕ್ಕಿ ನೋಡುವುದು ಪುರುಸೊತ್ತಿದ್ದವರ ಕೆಲಸ.” “ಅಲ್ಲಿ ನಮಾಝ್‌ಗೆ ಏನು ಮಾಡುವುದು?” ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಪಕ್ಕದಲ್ಲಿ ನಿಂತು ಕೇಳುತ್ತಿರುವ ಮಗು ಒಂದು ಪಾಠ ಕಲಿತುಬಿಡುತ್ತದೆ: ಮರ, ನೀರು, ಊರು ಇವೆಲ್ಲ ಇತರರ ವಿಷಯ, ನಮ್ಮ ಧರ್ಮಕ್ಕೂ ಇವಕ್ಕೂ ಸಂಬಂಧವಿಲ್ಲ ಎಂದು. ಈ ಪಾಠ ಸರಿಯೇ? ಧರ್ಮದ ಬೆಳಕಿನಲ್ಲಿ ಪರಿಶೀಲಿಸೋಣ.

ಭೂಮಿ ಯಾರದು?

ಸತ್ಯವಿಶ್ವಾಸಿಯ ದೃಷ್ಟಿಯಲ್ಲಿ ಭೂಮಿಯ ಒಡೆಯನು ಅಲ್ಲಾಹನು. ಮನುಷ್ಯನು ಇಲ್ಲಿ ಅವನ ಪ್ರತಿನಿಧಿ ಮಾತ್ರ. ಕೈಗೆ ಕೊಟ್ಟಿರುವುದು ಅಮಾನತ್ತು. ಅಮಾನತ್ತಿನ ವಸ್ತುವನ್ನು ಬಳಸಬಹುದು, ಕೆಡಿಸುವಂತಿಲ್ಲ. ಅಲ್ಲಾಹನು ಆಕಾಶವನ್ನು ಎತ್ತರಿಸಿ ತೂಕವನ್ನು ನೆಲೆಗೊಳಿಸಿದ್ದಾನೆ, ಆ ತೂಕವನ್ನು ಮೀರಬೇಡಿರಿ ಎಂಬ ಎಚ್ಚರಿಕೆ ಅರ್‍ರಹ್ಮಾನ್ ಅಧ್ಯಾಯದ ಆರಂಭದಲ್ಲೇ ಇದೆ. ನೆಲದಲ್ಲೂ ಕಡಲಲ್ಲೂ ಹಬ್ಬಿದ ಕೆಡುಕಿಗೆ ಮನುಷ್ಯನ ಕೈಗಳ ಗಳಿಕೆಯೇ ಕಾರಣವೆಂದು ಅರ್‍ರೂಮ್ ಅಧ್ಯಾಯ ಹೇಳುತ್ತದೆ.

ಇದರ ಅರ್ಥ ತಿಳಿಯಲು ದೂರ ಹೋಗಬೇಕಾಗಿಲ್ಲ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಹಾಗಿದ್ದೂ 2019ರ ಮೇ ತಿಂಗಳಲ್ಲಿ ನಗರಕ್ಕೆ ನೀರುಣಿಸುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿತು. ನದಿಯ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪು ಹಾಕಿ ಎತ್ತಬೇಕಾಯಿತು. ಮರುವರ್ಷ, 2020ರ ಸೆಪ್ಟೆಂಬರ್ 20ರಂದು, ಅದೇ ನಗರದ ಕಲ್ಸಂಕ, ಬನ್ನಂಜೆ ಮೊದಲಾದ ಕಡೆ ಮನೆಗಳಿಗೆ ನೆರೆ ನುಗ್ಗಿತು. ಒಂದು ವರ್ಷ ನೀರಿಲ್ಲ, ಇನ್ನೊಂದು ವರ್ಷ ನೀರೇ ನೀರು. ಮಳೆಯನ್ನು ತಡೆದು ನೆಲಕ್ಕೆ ಇಂಗಿಸುವ ಗುಡ್ಡದ ಮರ, ಗದ್ದೆ, ಕೆರೆ, ಮದಗಗಳನ್ನು ಕಳಕೊಂಡ ಊರಿಗೆ ಎರಡೂ ಕಷ್ಟಗಳನ್ನು ತಾಳುವ ಶಕ್ತಿ ಕುಂದುತ್ತದೆ. ನಗರದ ಮಧ್ಯೆ ಹರಿಯುವ ಇಂದ್ರಾಣಿ ಹೊಳೆ ಕೊಳಚೆ ಹೊತ್ತು ಕಡಲಿನತ್ತ ಸಾಗುತ್ತದೆ. ಆ ಕೊಳಚೆಯಲ್ಲಿ ನಮ್ಮ ಮನೆಗಳ ಪಾಲಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ಬಜೆ ಬತ್ತಿದಾಗ ಕಡಿಯಾಳಿ ದೇವಸ್ಥಾನದ ಬೀದಿಯ ನಲ್ಲಿ ಒಣಗುವಂತೆಯೇ ಅದೇ ನೀರನ್ನು ನಂಬಿದ ನಮ್ಮ ಮನೆಯ ನಲ್ಲಿಯೂ ಒಣಗುತ್ತದೆ. ಹೀಗಿರುವಾಗ ಅದು ನಮ್ಮವರ ಕಾರ್ಯಕ್ರಮವಲ್ಲ ಎಂಬ ಮಾತಿಗೆ ಏನರ್ಥ?

ಇತರರೊಂದಿಗೆ ಸೇರಬಹುದೇ?

ಪುಣ್ಯ ಮತ್ತು ಧರ್ಮನಿಷ್ಠೆಯ ಕಾರ್ಯಗಳಲ್ಲಿ ಸಹಕರಿಸಬೇಕು, ಪಾಪ ಮತ್ತು ಅತಿಕ್ರಮದಲ್ಲಿ ಸಹಕರಿಸಬಾರದು ಎಂಬುದು ಅಲ್‌ಮಾಇದಃ ಅಧ್ಯಾಯದ ಆದೇಶ. ಇಲ್ಲಿ ನೋಡಬೇಕಾದುದು ಕಾರ್ಯ ಎಂತಹದೆಂಬುದನ್ನು.

ಪ್ರವಾದಿ ಮುಹಮ್ಮದ್(ಸ)ರ ಜೀವನದಲ್ಲಿ ಇದಕ್ಕೊಂದು ಉಜ್ವಲ ನಿದರ್ಶನವಿದೆ. ಪ್ರವಾದಿತ್ವ ದೊರೆಯುವ ಮೊದಲು, ಅವರಿನ್ನೂ ತರುಣರಾಗಿದ್ದಾಗ, ಯಮನಿನ ವ್ಯಾಪಾರಿಯೊಬ್ಬನಿಂದ ಸರಕು ಪಡೆದ ಮಕ್ಕದ ಗಣ್ಯನು ಹಣ ಕೊಡದೆ ಸತಾಯಿಸಿದನು. ಆಗ ಕೆಲವು ಗೋತ್ರಗಳವರು ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನ ಪರ ನಿಲ್ಲುವೆವೆಂದು ಪ್ರತಿಜ್ಞೆ ಮಾಡಿದರು. ಅದುವೇ ಹಿಲ್ಫುಲ್ ಫುಝೂಲ್. ಆ ಸಭೆಯಲ್ಲಿ ಪ್ರವಾದಿವರ್ಯರೂ(ಸ) ಇದ್ದರು. ಇಸ್ಲಾಮಿನ ಕಾಲದಲ್ಲೂ ಅಂತಹ ಒಪ್ಪಂದಕ್ಕೆ ಕರೆದರೆ ತಾನು ಓಗೊಡುವೆನೆಂದು ಅವರು ಮುಂದೆ ನೆನಪಿಸಿಕೊಂಡರು. ಕರೆದವರ ಧರ್ಮ ಯಾವುದೆಂದಲ್ಲ, ಕರೆದದ್ದು ಯಾವುದಕ್ಕೆ ಎಂಬುದನ್ನು ಅವರು ನೋಡಿದರು.

ನಮ್ಮ ನಾಡಿನಲ್ಲೂ ಇಂತಹ ಕರೆಗಳು ಮೊಳಗಿವೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸಮೀಪದ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದರು. ಅದು ಅಪ್ಪಿಕೋ ಚಳವಳಿಯಾಯಿತು. ಇದೇ ಜಿಲ್ಲೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಇಳಿವಯಸ್ಸಿನಲ್ಲೂ ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೆ ನಿಂತರು. ಸೋತರೂ ಅವರ ಮಾತು ನಾಡಿನ ನೆನಪಿನಲ್ಲಿ ಉಳಿಯಿತು. ಇಂತಹ ಕೆಲಸಗಳಲ್ಲಿ ನಮ್ಮ ಹೆಸರುಗಳೇಕೆ ವಿರಳ ಎಂದು ನಮ್ಮ ಮಕ್ಕಳು ನಾಳೆ ಕೇಳಿದರೆ ಏನು ಹೇಳುವಿರಿ?

ಹಕ್ಕಿ ನೋಡುವುದು ಪುರುಸೊತ್ತಿನ ಕೆಲಸವೇ?

ಭೂಮಿಯ ಮೇಲೆ ಚಲಿಸುವ ಪ್ರಾಣಿಗಳೂ ರೆಕ್ಕೆ ಬಡಿದು ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ನೆರೆಯ ಸಮುದಾಯದ ಹೆಸರನ್ನೂ ಅರಿಯದೆ ಅದರ ಹಕ್ಕನ್ನು ಸಲ್ಲಿಸುವುದು ಹೇಗೆ? ಬಾಯಾರಿದ ನಾಯಿಗೆ ನೀರು ಕೊಟ್ಟವರಿಗೆ ಕ್ಷಮೆ ದೊರೆತುದನ್ನೂ, ಬೆಕ್ಕನ್ನು ಕೂಡಿಹಾಕಿ ಕೊಂದ ಸ್ತ್ರೀ ಶಿಕ್ಷೆಗೊಳಗಾದುದನ್ನೂ ಪ್ರವಾದಿವರ್ಯರು(ಸ) ತಿಳಿಸಿಕೊಟ್ಟರು. ಒಬ್ಬನು ನೆಟ್ಟ ಗಿಡದಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ದಾನವಾಗುತ್ತದೆ ಎಂದರು. ಅಂತ್ಯದಿನ ಬಂದೆರಗುವ ಹೊತ್ತಿನಲ್ಲೂ ಕೈಯಲ್ಲಿರುವ ಸಸಿಯನ್ನು ಸಾಧ್ಯವಾದರೆ ನೆಡಬೇಕೆಂದು ಕಲಿಸಿದರು.

ಮದೀನದ ಸುತ್ತ ಮರ ಕಡಿಯಬಾರದ, ಬೇಟೆಯಾಡಬಾರದ ಪ್ರದೇಶವನ್ನು ಅವರು ಘೋಷಿಸಿದ್ದರು. ಪ್ರಥಮ ಖಲೀಫಾ ಅಬೂಬಕರ್(ರ)ರು ಸಿರಿಯಾದತ್ತ ಹೊರಟ ಸೇನೆಗೆ ಹಣ್ಣಿನ ಮರ ಕಡಿಯಬಾರದೆಂದು ಆಜ್ಞಾಪಿಸಿದರು. ಯುದ್ಧದಲ್ಲೂ ಉಳಿಯಬೇಕಾದ ಮರ, ಶಾಂತಿಯ ಕಾಲದಲ್ಲಿ ನಮ್ಮ ಅಂಗಳದಲ್ಲಿ ಉಳಿಯಬಾರದೇ?

ಹೋಗುವವರು ಗಮನಿಸಬೇಕಾದುದು

1. ಕುಟುಂಬ ಸಮೇತ ಹೋಗಿರಿ. ಗಂಡುಮಕ್ಕಳನ್ನು ಮಾತ್ರ ಕಳುಹಿಸಿ ಹೆಣ್ಣುಮಕ್ಕಳನ್ನು ಮನೆಯಲ್ಲಿ ಉಳಿಸಬೇಡಿ. ಮನೆಯ ನೀರು, ಅಡುಗೆ, ಕಸ ಇವೆಲ್ಲ ಹೆಚ್ಚಾಗಿ ಅವರ ಕೈಯಲ್ಲೇ ನಡೆಯುವುದರಿಂದ ಅಲ್ಲಿ ಕಲಿಯುವುದೂ ಕಲಿಸುವುದೂ ಅವರಿಗೇ ಹೆಚ್ಚು. ಉಡುಪಿನ ಮರ್ಯಾದೆ ಪಾಲಿಸಿಕೊಂಡು ಮರದ ನೆರಳಲ್ಲಿ ಕೂರಲು ಅಡ್ಡಿಯೇನಿದೆ?

2. ನಮಾಝ್‌ನ ಚಿಂತೆ ಬೇಡ. ಇಡೀ ಭೂಮಿಯನ್ನು ಈ ಸಮುದಾಯಕ್ಕೆ ಸುಜೂದ್‌ನ ಸ್ಥಳವಾಗಿ ಮಾಡಲಾಗಿದೆ. ಬೇಸಿಗೆಯಲ್ಲಿ ಉಡುಪಿಯಲ್ಲಿ ಹನ್ನೆರಡೂವರೆಯ ಸುಮಾರಿಗೆ ಲುಹ್ರ್ ಸಮಯವಾಗುತ್ತದೆ. ಸಂಘಟಕರಿಗೆ ಮೊದಲೇ ತಿಳಿಸಿದರೆ ಅವರು ಬೇಡವೆನ್ನಲಾರರು. ದಾರಿಗೆ ಅಡ್ಡವಾಗದಂತೆ ಒಂದು ಬದಿಯಲ್ಲಿ ಚಾಪೆ ಹಾಸಿರಿ. ವುಝೂಗೆ ಒಂದು ಲೀಟರಿನ ಬಾಟಲಿ ನೀರು ಧಾರಾಳ ಸಾಕು. ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಸುಮಾರು ಮುಕ್ಕಾಲು ಲೀಟರಿನಷ್ಟು ನೀರಲ್ಲಿ ವುಝೂ ಮಾಡುತ್ತಿದ್ದರು.

3. ಕಾರ್ಯಕ್ರಮದ ಆರಂಭದಲ್ಲಿ ನಮ್ಮ ವಿಶ್ವಾಸಕ್ಕೆ ಹೊಂದದ ಆಚರಣೆಯಿದ್ದರೆ ಗೌರವದಿಂದ ಕುಳಿತಿರಿ, ಭಾಗವಹಿಸಬೇಕೆಂದಿಲ್ಲ. ಪರಿಚಯವಾದ ಮೇಲೆ, ಗಿಡಕ್ಕೆ ನೀರೆರೆದು ಉದ್ಘಾಟಿಸಬಹುದಲ್ಲವೇ ಎಂದು ಸೂಚಿಸಿರಿ. ಸೌಜನ್ಯದ ಸಲಹೆಗೆ ಹೆಚ್ಚಿನವರು ಕಿವಿಗೊಡುತ್ತಾರೆ. ಮುನಿದು ಎದ್ದು ಬಂದರೆ ಬಾಗಿಲು ಮುಚ್ಚುತ್ತದೆ.

4. ಊಟವನ್ನು ಮನೆಯಿಂದಲೇ ಒಯ್ಯಿರಿ, ನಾಲ್ಕು ಜನರಿಗೆ ಹೆಚ್ಚಾಗುವಷ್ಟು ಒಯ್ಯಿರಿ. ಬಾಳೆಯೆಲೆಯಲ್ಲಿ ಕಟ್ಟಿದ ಅಕ್ಕಿರೊಟ್ಟಿ ಹಂಚಿಕೊಂಡಲ್ಲಿ ಬೆಳೆಯುವ ಸ್ನೇಹ ಭಾಷಣದಿಂದ ಬೆಳೆಯದು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ ಬೇಡ. 2022ರ ಜುಲೈ 1ರಿಂದ ದೇಶದಾದ್ಯಂತ ಅವುಗಳಿಗೆ ನಿಷೇಧವಿದೆ.

5. ಕಸ ಹೆಕ್ಕುವಾಗ ನಾಚಬೇಡಿ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ. ಜನರು ಕೂರುವ ನೆರಳನ್ನೂ ದಾರಿಯನ್ನೂ ನೀರಿನ ತಾಣವನ್ನೂ ಹೊಲಸು ಮಾಡುವುದು ಶಾಪಕ್ಕೆ ಗುರಿಯಾಗುವ ಕೃತ್ಯವೆಂದು ಹದೀಸ್ ಎಚ್ಚರಿಸಿದೆ.

6. ಬೇಸಿಗೆಯ ಬಿಸಿಲಲ್ಲಿ ಸಸಿ ನೆಟ್ಟು ಫೋಟೋ ತೆಗೆದು ಮರೆಯುವುದು ಪುಣ್ಯವಲ್ಲ. ಹಲಸು, ನೇರಳೆ, ಪುನರ್ಪುಳಿಯ ಬೀಜಗಳಿಂದ ಸಸಿ ಮಾಡಿಟ್ಟು, ಜೂನಿನ ಮಳೆ ಹಿಡಿದ ಮೇಲೆ ನೆಡಿರಿ. ಮುಂದಿನ ಬೇಸಿಗೆಯಲ್ಲಿ ನೀರೆರೆಯುವ ಹೊಣೆಯನ್ನೂ ಹೊತ್ತುಕೊಳ್ಳಿರಿ.

ಮರಳಿದ ಮೇಲೆ

ಉದ್ಯಾನದಲ್ಲಿ ಕಸ ಹೆಕ್ಕಿ ಬಂದವರು ಮರುದಿನದ ನಿಕಾಹ್‌ನಲ್ಲಿ ತಟ್ಟೆಗಟ್ಟಲೆ ಬಿರಿಯಾನಿಯನ್ನು ಚೆಲ್ಲಿದರೆ, ಅರ್ಧ ಕುಡಿದ ನೀರಿನ ಬಾಟಲಿಗಳನ್ನು ಮೇಜಿನ ಮೇಲೆ ಬಿಟ್ಟೆದ್ದರೆ, ಆ ಆದಿತ್ಯವಾರ ವ್ಯರ್ಥ. ತಿನ್ನಿರಿ, ಕುಡಿಯಿರಿ, ಆದರೆ ಮಿತಿಮೀರಬೇಡಿರಿ ಎಂಬುದು ಕುರ್‌ಆನಿನ ಬೋಧನೆ. ಮಸೀದಿಯ ನಲ್ಲಿಯನ್ನು ಪೂರ್ತಿ ತೆರೆದಿಟ್ಟು ವುಝೂ ಮಾಡುವಾಗ ಎಷ್ಟು ನೀರು ಹರಿಯಿತೆಂದು ಒಮ್ಮೆ ಬಕೆಟ್ ಇಟ್ಟು ನೋಡಿ. ಆ ಲೆಕ್ಕ ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಪಾಠ ಹೇಳುತ್ತದೆ. ಕೂಟದಲ್ಲಿ ಪರಿಚಯವಾದ ನೆರೆಯವರನ್ನು ನಿಮ್ಮ ಮೊಹಲ್ಲಾಕ್ಕೂ ಕರೆಯಿರಿ. ಮಸೀದಿಯ ಮಾಡಿನ ಮಳೆನೀರನ್ನು ಬಾವಿಗೆ ಇಳಿಸುವ ಬಗೆ ಹೇಗೆಂದು ಅವರನ್ನೇ ಕೇಳಿರಿ. ಸಹಕಾರ ಎರಡೂ ಕಡೆಯಿಂದ ಹರಿಯಲಿ.

ನಮ್ಮ ಜಿಲ್ಲೆಯಲ್ಲಿ ನೆರೆಹೊರೆಯವರ ನಡುವೆ ಮಾತು ಕಡಿಮೆಯಾಗುತ್ತಿರುವ ಕಾಲವಿದು. ಒಬ್ಬರನ್ನೊಬ್ಬರು ನೋಡದೆ ಇದ್ದಷ್ಟು ದಿನ, ಹೇಳಿಕೆಯ ಮಾತುಗಳೇ ಸತ್ಯವಾಗುತ್ತವೆ. ಒಂದೇ ಹಾರೆ ಹಿಡಿದು ಒಂದೇ ಗುಂಡಿ ತೋಡಿದವರು ಅಂತಹ ಮಾತುಗಳನ್ನು ಅಷ್ಟು ಸುಲಭವಾಗಿ ನಂಬಲಾರರು. ಆದುದರಿಂದ ಕರೆ ಬಂದಾಗ ಹೋಗಿರಿ. ಅತಿಥಿಯಂತೆ ದೂರ ಕೂರದೆ, ಅಮಾನತ್ತಿನ ಲೆಕ್ಕ ಕೊಡಬೇಕಾದವರಂತೆ ಕೆಲಸಕ್ಕೆ ಕೈಹಾಕಿರಿ. ಪರಲೋಕದಲ್ಲಿ ಅನುಗ್ರಹಗಳ ಕುರಿತು ಪ್ರಶ್ನಿಸಲಾಗುವಾಗ ಸ್ವರ್ಣೆಯ ನೀರೂ ಮಾವಿನ ನೆರಳೂ ಆ ಪಟ್ಟಿಯಿಂದ ಹೊರಗಿರಲಾರವು.

ಕೊಟ್ಟ ಭೂಮಿಯನ್ನು ಕೆಡಿಸದೆ, ಬರುವ ಪೀಳಿಗೆಗೆ ಒಪ್ಪಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.