ಕಣ್ಣಿನ ಮೇಲಿಡುವ ಲೆನ್ಸು: ಅಳತೆ ನೋಡಿಸಿ ಆರಿಸುವ ಬಗೆ



ನಮ್ಮ ಹಳ್ಳಿಗಳಲ್ಲಿ "ಲೆನ್ಸು ಹಾಕಿಸಿಕೊಂಡು ಬಂದರು" ಎಂದರೆ ಪೊರೆಯ ಆಪರೇಷನ್ನು ಆಯಿತೆಂದೇ ಅರ್ಥ. ಆ ಲೆನ್ಸನ್ನು ಡಾಕ್ಟರರು ಕಣ್ಣಿನ ಒಳಗೆ ಇಡುತ್ತಾರೆ. ಅದನ್ನು ನಾವು ಮುಟ್ಟುವಂತಿಲ್ಲ. ನಾನು ಈಗ ಹೇಳಹೊರಟಿರುವುದು ಬೇರೊಂದು ಲೆನ್ಸಿನ ವಿಚಾರ. ಕನ್ನಡಕದ ಬದಲು ಕರಿಗುಡ್ಡೆಯ ಮೇಲೆ ಬೆಳಿಗ್ಗೆ ಇಟ್ಟುಕೊಂಡು, ರಾತ್ರಿ ಮಲಗುವ ಮೊದಲು ತೆಗೆದುಬಿಡುವ ಕಾಂಟ್ಯಾಕ್ಟ್ ಲೆನ್ಸು ಇದು. ಪೇಟೆಯ ಕಾಲೇಜಿಗೆ ಹೋಗುವ ಮಕ್ಕಳು ಇದನ್ನು ಕೇಳುತ್ತಿದ್ದಾರೆ. ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಯಲ್ಲಂತೂ ಈ ಮಾತು ಬಂದೇ ಬರುತ್ತದೆ. (ಕನ್ನಡಕದ ಹುಡುಗಿ ಬೇಡವೆನ್ನುವ ಬೀಗರಿಗೆ ಹೇಳಬೇಕಾದ ಮಾತು ಬೇರೆಯೇ ಉಂಟು; ಅದು ಇನ್ನೊಮ್ಮೆ.)

ಕಳೆದ ಸುಗ್ಗಿಯಲ್ಲಿ ನಾನು ಕಂಡ ಒಂದು ಮನೆಯ ಸಂಗತಿ ಹೇಳುತ್ತೇನೆ. ಮಗನ ಕನ್ನಡಕದ ಚೀಟಿ ತೋರಿಸಿ ಪೇಟೆಯಿಂದ ಲೆನ್ಸು ತಂದಿದ್ದರು. ಅವನ ಕಣ್ಣನ್ನು ಯಾರೂ ಅಳೆದಿರಲಿಲ್ಲ. ಹುಡುಗ ಅದನ್ನು ಹಾಕಿಕೊಂಡೇ ಕಣದಲ್ಲಿ ಭತ್ತ ತೂರಿದ, ನಾಲೆಯ ನೀರಿನಲ್ಲಿ ಮುಖ ತೊಳೆದ. ಮೂರನೆಯ ದಿನ ಕಣ್ಣು ಕೆಂಡವಾಯಿತು. ಔಷಧದ ಅಂಗಡಿಯಲ್ಲಿ ಕೇಳಿ ಹನಿಮದ್ದು ತಂದು ನಾಲ್ಕು ದಿನ ಬಿಟ್ಟರು. ಆಮೇಲೆ ಆಸ್ಪತ್ರೆಗೆ ಓಡಿದರು. ಕಣ್ಣು ಉಳಿಯಿತು. ಆದರೆ ಕರಿಗುಡ್ಡೆಯ ಮೇಲೆ ಒಂದು ಬಿಳಿ ಕಲೆ ಹಾಗೆಯೇ ನಿಂತಿದೆ, ಆ ಕಣ್ಣಿಗೆ ಈಗ ಅಕ್ಷರ ಮಬ್ಬು.

ಇಲ್ಲಿ ಮೊದಲ ತಪ್ಪು ಕನ್ನಡಕದ ಚೀಟಿಯನ್ನು ನಂಬಿದ್ದು. ಎತ್ತಿಗೆ ಲಾಳ ಕಟ್ಟುವವನು ಗೊರಸನ್ನು ಕೈಯಲ್ಲಿ ಹಿಡಿದು ನೋಡದೆ ಲಾಳ ಆರಿಸುತ್ತಾನೆಯೇ? ಲೆನ್ಸಿಗೆ ಕನ್ನಡಕದಂತೆ ನಂಬರು ಒಂದೇ ಅಲ್ಲ, ಬಾಗು ಮತ್ತು ಅಗಲ ಎಂಬ ಇನ್ನೆರಡು ಅಳತೆಗಳುಂಟು. ಒಬ್ಬೊಬ್ಬರ ಕರಿಗುಡ್ಡೆಯ ಉಬ್ಬು ಒಂದೊಂದು ಬಗೆ. ಮೆದು ಲೆನ್ಸಿನ ಅಗಲ ಸುಮಾರು 14 ಮಿಲಿಮೀಟರು. ಬಾಗಿನ ಅಳತೆ 8.4, 8.6 ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಅದು ಬಿಗಿಯಾದರೆ ಕಣ್ಣಿಗೆ ಉಸಿರು ಕಟ್ಟುತ್ತದೆ, ಸಡಿಲವಾದರೆ ರೆಪ್ಪೆ ಬಡಿದಾಗಲೆಲ್ಲ ಜಾರಿ ಚುಚ್ಚುತ್ತದೆ.

ಉಸಿರು ಎಂದದ್ದು ಬರಿಯ ಮಾತಲ್ಲ. ಕರಿಗುಡ್ಡೆಯ ಮುಂದಿರುವ ಗಾಜಿನಂತಹ ಪರದೆಗೆ ಕಾರ್ನಿಯಾ ಎಂದು ಹೆಸರು. ಅದರಲ್ಲಿ ರಕ್ತನಾಳಗಳಿಲ್ಲ. ತನಗೆ ಬೇಕಾದ ಆಮ್ಲಜನಕವನ್ನು ಬಹುಮಟ್ಟಿಗೆ ಹೊರಗಿನ ಗಾಳಿಯಿಂದಲೇ ಕಣ್ಣೀರಿನ ಮೂಲಕ ಹೀರಿಕೊಳ್ಳುತ್ತದೆ. ನೀರು ನಿಂತ ಹೊಲದಲ್ಲಿ ತೊಗರಿಯ ಬೇರು ಗಾಳಿಯಿಲ್ಲದೆ ಕೊಳೆಯುವುದನ್ನು ನೀವು ಕಂಡಿದ್ದೀರಿ. ಬಿಗಿಯಾದ ಲೆನ್ಸಿನ ಕೆಳಗೆ, ಅಥವಾ ಲೆನ್ಸು ತೆಗೆಯದೆ ಮಲಗಿದಾಗ, ಕಾರ್ನಿಯಾದ ಪಾಡೂ ಅಂತಹುದೇ. ಸೋತ ಪರದೆಗೆ ಸೋಂಕು ಬೇಗ ತಗಲುತ್ತದೆ.

ನಂಬರು ಕೂಡ ಕನ್ನಡಕದ್ದೇ ಆಗಿರಬೇಕೆಂದಿಲ್ಲ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರು ದೂರ ಕೂರುತ್ತದೆ, ಲೆನ್ಸು ಕಣ್ಣಿಗೆ ಅಂಟಿಯೇ ಇರುತ್ತದೆ. ಆದಕಾರಣ ನಂಬರು 4ಕ್ಕಿಂತ ಹೆಚ್ಚಿದ್ದರೆ ಲೆಕ್ಕ ಬದಲಾಗುತ್ತದೆ. ಕನ್ನಡಕದಲ್ಲಿ ಮೈನಸ್ 8 ಇರುವವರಿಗೆ ಲೆನ್ಸಿನಲ್ಲಿ ಮೈನಸ್ 7.25 ಸಾಕಾಗುತ್ತದೆ. ಚೀಟಿಯಲ್ಲಿ ಸಿಲಿಂಡರ್ ಎಂದು ಬರೆದಿದ್ದರೆ ಟೋರಿಕ್ ಎಂಬ ಬೇರೆ ಜಾತಿಯ ಲೆನ್ಸು ಬೇಕಾಗಬಹುದು.

ಸರಿಯಾಗಿ ಪರೀಕ್ಷೆ ಮಾಡುವವರು ಮೊದಲು ಪ್ರಶ್ನೆ ಕೇಳುತ್ತಾರೆ: ಕಣ್ಣು ಒಣಗುವುದುಂಟೇ, ತುರಿಕೆಯುಂಟೇ, ಸಕ್ಕರೆ ಕಾಯಿಲೆಯುಂಟೇ, ಕೆಲಸ ಎಂತಹುದು ಎಂದು. ಧೂಳಿನಲ್ಲಿ, ಔಷಧ ಸಿಂಪಡಿಸುವ ಕಡೆ ಕೆಲಸವಿದೆಯೆಂಬುದನ್ನು ನಾಚದೆ ಹೇಳತಕ್ಕದ್ದು. ಬಳಿಕ ಯಂತ್ರದಿಂದ ಕಾರ್ನಿಯಾದ ಬಾಗನ್ನು ಅಳೆಯುತ್ತಾರೆ, ರೆಪ್ಪೆ ಮಗುಚಿ ನೋಡುತ್ತಾರೆ, ಒಂದು ಮಾದರಿ ಲೆನ್ಸನ್ನು ಹಾಕಿ ಕೊಂಚ ಹೊತ್ತು ಕೂರಿಸುತ್ತಾರೆ. ಅನಂತರ ದೀಪದ ಯಂತ್ರದಲ್ಲಿ ನೋಡಿದರೆ, ರೆಪ್ಪೆ ಬಡಿದಾಗ ಮೆದು ಲೆನ್ಸು ಕೂದಲೆಳೆಯಷ್ಟು ಸರಿದು ಮತ್ತೆ ತನ್ನ ಜಾಗಕ್ಕೆ ಬರಬೇಕು. ಇದಿಷ್ಟೂ ಆಗದೆ ಹಣ ಕೊಡಬೇಡಿ. ನಿಮ್ಮ ಮಗ ಅಥವಾ ಮಗಳು ಅಲ್ಲಿಯೇ ಕೂತು ತಾನೇ ಹಾಕಿ, ತಾನೇ ತೆಗೆಯುವುದನ್ನು ಕಲಿಯುವ ತನಕ ಅಲ್ಲಿಂದ ಏಳಲೂಬೇಡಿ. ಬರಿಯ ಬಣ್ಣಕ್ಕಾಗಿ ಹಾಕುವ, ನಂಬರಿಲ್ಲದ ಲೆನ್ಸಿಗೂ ಈ ಪರೀಕ್ಷೆ ಬೇಕೇ ಬೇಕು.

ಮೆದು ಲೆನ್ಸನ್ನು 1961ರಲ್ಲಿ ಚೆಕೊಸ್ಲೊವಾಕಿಯದ ಒಟೊ ವಿಖ್ಟರ್ಲೆ ಎಂಬ ರಸಾಯನಶಾಸ್ತ್ರಜ್ಞರು ಮನೆಯಲ್ಲಿಯೇ, ಮಕ್ಕಳ ಆಟದ ಸಾಮಾನು ಜೋಡಿಸಿದ ಯಂತ್ರದಲ್ಲಿ ಎರೆದು ತೆಗೆದರು. ಇಂದು ಅದರಲ್ಲಿ ಅನೇಕ ಬಗೆ. ಮದುವೆ, ಹಬ್ಬ, ಆಟ ಎಂದು ಅಪರೂಪಕ್ಕೆ ಹಾಕುವವರಿಗೆ ಒಂದೇ ದಿನ ಹಾಕಿ ಬಿಸಾಡುವ ಲೆನ್ಸೇ ಲೇಸು; ತೊಳೆಯುವ, ಡಬ್ಬಿಯಲ್ಲಿಡುವ ತಾಪತ್ರಯವಿಲ್ಲ. ತಿಂಗಳಿನದನ್ನು ತಿಂಗಳಿಗೆ ಬಿಸಾಡಲೇಬೇಕು. ಚೆನ್ನಾಗಿದೆಯಲ್ಲಾ ಎಂದು ಎರಡು ತಿಂಗಳು ಎಳೆಯುವ ಮಿತವ್ಯಯ ಇಲ್ಲಿ ಸಲ್ಲದು.

ಗಡಸು ಲೆನ್ಸು ಎಂದು ಮತ್ತೊಂದುಂಟು. ಇದು ಚೆಲುವಿಗಲ್ಲ, ಚಿಕಿತ್ಸೆಗೆ. ಭತ್ತದ ಸುಂಕೋ ಕಬ್ಬಿನ ಗರಿಯೋ ಬಡಿದು ಹುಣ್ಣಾಗಿ ವಾಸಿಯಾದ ಮೇಲೆ ಕಾರ್ನಿಯಾ ಏರುಪೇರಾಗಿದ್ದರೆ, ಕನ್ನಡಕದಿಂದ ಬಾರದ ನೋಟವನ್ನು ಗಡಸು ಲೆನ್ಸು ಎಷ್ಟೋ ವೇಳೆ ತಂದುಕೊಡುತ್ತದೆ. ಹದಿಹರೆಯದಲ್ಲಿ ಕಾರ್ನಿಯಾ ಮೊನೆಯಾಗಿ ಉಬ್ಬುವ ಕಾಯಿಲೆಯವರಿಗೂ ಹಾಗೆಯೇ. "ಈ ಕಣ್ಣು ಇಷ್ಟೇ" ಎಂದು ಕೈಬಿಟ್ಟವರು ನಿಮ್ಮ ಊರಿನಲ್ಲಿದ್ದರೆ, ಜಿಲ್ಲಾ ಆಸ್ಪತ್ರೆಯ ಕಣ್ಣಿನ ಡಾಕ್ಟರಲ್ಲಿ ಇದನ್ನು ಹೆಸರು ಹೇಳಿ ಕೇಳಲಿ.

ಇನ್ನು ನೀರಿನ ಮಾತು. ಬಾವಿ, ಕೆರೆ, ನಾಲೆ, ನಲ್ಲಿ ಯಾವ ನೀರೂ ಲೆನ್ಸಿಗೆ ತಾಕಬಾರದು. ಮಣ್ಣಿನಲ್ಲೂ ನೀರಿನಲ್ಲೂ ಅಕಾಂತಮೀಬಾ ಎಂಬ ಬರಿಗಣ್ಣಿಗೆ ಕಾಣದ ಜೀವಿಯುಂಟು. ಲೆನ್ಸಿನ ಅಡಿಯಲ್ಲಿ ಅದು ಸೇರಿಕೊಂಡರೆ ತಿಂಗಳುಗಟ್ಟಲೆ ಮದ್ದು ಮಾಡಿದರೂ ಜಗ್ಗದು. ಕೈಯನ್ನು ಸೋಪಿನಿಂದ ತೊಳೆದು, ಶುಭ್ರವಾದ ಬಟ್ಟೆಯಿಂದ ಪೂರಾ ಒರೆಸಿಕೊಂಡು ಲೆನ್ಸು ಮುಟ್ಟತಕ್ಕದ್ದು. ಡಬ್ಬಿಯನ್ನು ಲೆನ್ಸಿನ ದ್ರಾವಣದಿಂದಲೇ ತೊಳೆಯಬೇಕು, ಹಳೆಯ ದ್ರಾವಣದ ಮೇಲೆ ಹೊಸತನ್ನು ಸುರಿಯಬಾರದು. ಮೆಣಸಿನಕಾಯಿ ಬಿಡಿಸಿದ ದಿನ ಆ ಕೈಯಿಂದ ಲೆನ್ಸಿನ ತಂಟೆಗೇ ಹೋಗಬೇಡಿ. ಒಂದು ಸಲ ಹೋದವರು ಎರಡನೆಯ ಸಲ ಹೋಗುವುದಿಲ್ಲ.

ಹಾಗಾದರೆ ರಜೆಗೆ ಬಂದ ಮಕ್ಕಳು ಹೊಲಕ್ಕೆ ಇಳಿಯಬಾರದೇ? ಇಳಿಯಲಿ, ಕನ್ನಡಕ ಹಾಕಿಕೊಂಡು ಇಳಿಯಲಿ. ಲೆನ್ಸು ಕೊಂಡ ಮೇಲೂ ಒಂದು ಒಳ್ಳೆಯ ಕನ್ನಡಕ ಮನೆಯಲ್ಲಿರಲೇಬೇಕು. ಒಕ್ಕಣೆ, ಸಿಂಪರಣೆ, ಈಜು ಇವುಗಳಿಗೆ ಮೊದಲು ಲೆನ್ಸು ತೆಗೆದಿಡಬೇಕು. ಸಿಂಪಡಿಸುವಾಗ ಕನ್ನಡಕದ ಮೇಲೆ ಕಣ್ಣು ಮುಚ್ಚುವ ಗಾಗಲ್ಸ್ ಸಹ ಇರಲಿ.

ಲೆನ್ಸು ಹಾಕುವವರ ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ನೋಡಲಾಗದಿದ್ದರೆ, ನೋಟ ಮಬ್ಬಾದರೆ ಒಡನೆಯೇ ಲೆನ್ಸು ತೆಗೆದು ಅದೇ ದಿನ ಕಣ್ಣಿನ ಡಾಕ್ಟರಲ್ಲಿಗೆ ಹೋಗಬೇಕು. ಸೊಪ್ಪಿನ ರಸ, ಎದೆಹಾಲು ಬೇಡ. ಅಂಗಡಿಯ ಹನಿಮದ್ದೂ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಬೂಷ್ಟಿನ ಸೋಂಕು ಇನ್ನಷ್ಟು ಹಬ್ಬುತ್ತದೆ. ತೆಗೆದ ಲೆನ್ಸನ್ನೂ ಡಬ್ಬಿಯನ್ನೂ ಎಸೆಯದೆ ಜೊತೆಗೆ ಒಯ್ಯಿರಿ. ಯಾವ ರೋಗಾಣುವೆಂದು ಅವುಗಳಿಂದಲೇ ಪತ್ತೆ ಹಚ್ಚಲು ಡಾಕ್ಟರರಿಗೆ ಸಾಧ್ಯವಾಗುವುದುಂಟು.