ಕಿವಿಯ ಮೂರನೆಯ ಕಿಟಕಿ

“ಕಣ್ಣುಗುಡ್ಡೆಯನ್ನು ಅತ್ತಿತ್ತ ಹೊರಳಿಸಿದರೆ ಅದರ ಸದ್ದು ನನ್ನ ಕಿವಿಗೆ ಕೇಳಿಸುತ್ತದೆ” ಎಂದು ಒಬ್ಬ ರೋಗಿಯು ವೈದ್ಯರೊಡನೆ ಹೇಳುತ್ತಾನೆಂದು ಭಾವಿಸೋಣ. ನಡೆಯುವಾಗ ತನ್ನ ಹೆಜ್ಜೆಯ ಸಪ್ಪಳವು ತಲೆಯೊಳಗೇ ಗುದ್ದಿದಂತಾಗುವುದೆಂದೂ, ಹತ್ತಿರದಲ್ಲಿ ಯಾರಾದರೂ ಜೋರಾಗಿ ಹಾರನ್ ಬಾರಿಸಿದರೆ ಎದುರಿನ ಗೋಡೆಯು ಓಲಾಡುವುದೆಂದೂ, ಇಷ್ಟಾದರೂ ಜನರ ಮಾತು ಮಾತ್ರ ಮಂದವಾಗಿ ಕೇಳುವುದೆಂದೂ ಆತನು ಸೇರಿಸುತ್ತಾನೆ. ಕೇಳಿದವರಿಗೆ ಇದು ಮನೋವಿಕಾರವೆಂದು ತೋರಿದರೆ ಆಶ್ಚರ್ಯವಿಲ್ಲ. ಇಂತಹ ರೋಗಿಗಳಲ್ಲಿ ಕೆಲವರನ್ನು ಮನೋರೋಗಿಗಳೆಂದು ತಿಳಿದದ್ದೂ ಉಂಟು. ಆದರೆ ಈ ವ್ಯಾಧಿಯ ಮೂಲವು ಒಳಗಿವಿಯ ಎಲುಬಿನಲ್ಲಿ ಉಂಟಾದ ಒಂದು ಸಣ್ಣ ರಂಧ್ರ. ಅದನ್ನು ಅರಿಯಲು ಭೌತವಿಜ್ಞಾನದ ಮೊದಲ ಪಾಠಗಳೇ ಸಾಕು.

ದ್ರವಗಳನ್ನು ಅದುಮಿ ಕುಗ್ಗಿಸುವುದು ಅತಿ ಕಷ್ಟವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಗಾಳಿಗುಳ್ಳೆಯಿಲ್ಲದಂತೆ ಅಂಚಿನವರೆಗೂ ನೀರು ತುಂಬಿದ ಶೀಸೆಗೆ ಬಿರಡೆಯನ್ನು ಬಿಗಿದು, ಅದನ್ನು ಒಳಕ್ಕೆ ತಳ್ಳಲು ಯತ್ನಿಸಿರಿ, ಅದು ಅಲುಗದು. ಶೀಸೆಯ ಬುಡದಲ್ಲಿ ಒಂದು ತೂತು ಕೊರೆದು ರಬ್ಬರಿನ ಪೊರೆಯನ್ನು ಕಟ್ಟಿದ್ದಾದರೆ, ಬಿರಡೆಯು ಒಳಕ್ಕೆ ಸರಿದಷ್ಟೂ ಪೊರೆಯು ಹೊರಕ್ಕೆ ಉಬ್ಬುತ್ತದೆ. ನಮ್ಮ ಒಳಗಿವಿಯ ರಚನೆಯೂ ಹೀಗೆಯೇ. ಗಟ್ಟಿ ಎಲುಬಿನ ಕೋಶದಲ್ಲಿ ದ್ರವವು ತುಂಬಿದೆ. ಆ ಕೋಶಕ್ಕೆ ಎರಡು ಕಿಟಕಿಗಳಿವೆ. ತಮಟೆಯ ಪೊರೆಯು ಗ್ರಹಿಸಿದ ಕಂಪನವನ್ನು ಮೂರು ಪುಟ್ಟ ಎಲುಬುಗಳು ಸಾಗಿಸುತ್ತವೆ. ಅವುಗಳಲ್ಲಿ ಕೊನೆಯದಾದ ರಿಕಾಪು ಎಲುಬು ಅಂಡಾಕಾರದ ಕಿಟಕಿಯನ್ನು ಒಳಕ್ಕೂ ಹೊರಕ್ಕೂ ನೂಕುತ್ತದೆ; ದುಂಡು ಕಿಟಕಿಯ ಪೊರೆಯು ಅದಕ್ಕೆ ವಿರುದ್ಧವಾಗಿ ಉಬ್ಬಿ ತಗ್ಗುತ್ತದೆ. ಈ ಎರಡರ ನಡುವೆ ಇರುವ ಶಂಖಾಕೃತಿಯ ಭಾಗದಲ್ಲಿ ಒಂದು ಸೂಕ್ಷ್ಮವಾದ ತಡಿಕೆಯುಂಟು. ಅದರ ಇಬ್ಬದಿಯ ಒತ್ತಡದ ವ್ಯತ್ಯಾಸವೇ ಅದನ್ನು ಅಲುಗಿಸಿ ನಮಗೆ ಶಬ್ದಜ್ಞಾನವನ್ನು ಕೊಡುತ್ತದೆ.

ಅದೇ ಕೋಶಕ್ಕೆ ಸೇರಿದಂತೆ ಮೂರು ಅರ್ಧವರ್ತುಳ ನಾಳಗಳೂ ಇವೆ. ಒಂದಕ್ಕೊಂದು ಸುಮಾರಾಗಿ ಲಂಬವಾಗಿರುವ ಈ ನಾಳಗಳ ಕೆಲಸ ಕೇಳುವುದಲ್ಲ, ತಲೆಯ ತಿರುಗುವಿಕೆಯನ್ನು ಅಳೆಯುವುದು. ಇವುಗಳ ಬಳಿ ಮೂರನೆಯ ಕಿಟಕಿ ಇಲ್ಲವಾದುದರಿಂದ ಶಬ್ದದ ಒತ್ತಡವು ಇವುಗಳತ್ತ ಹರಿಯದು. ಆದರೆ ಮೇಲಿನ ನಾಳದ ಚಾವಣಿಯು ಮಿದುಳಿನ ಕೆಳಗೇ ಇದೆ. ಕೆಲವರಲ್ಲಿ ಅದು ಕಾಗದದಂತೆ ತೆಳುವಾಗಿರುತ್ತದೆ. ಅದು ಬಿರಿದಾಗ ಆಗುವ ಅನಾಹುತವೇ ನಮ್ಮ ರೋಗಿಯ ಕಥೆ.

ಹೊರಗಿನಿಂದ ಬಂದ ಶಬ್ದದ ಶಕ್ತಿಯಲ್ಲಿ ಒಂದು ಪಾಲು ಈ ರಂಧ್ರದ ಕಡೆಗೆ ಸೋರಿಹೋಗುತ್ತದೆ. ಆದಕಾರಣ ಮಾತು ಮಂದವಾಗುತ್ತದೆ. ಸೋರಿಕೆಯು ತಗ್ಗು ಆವೃತ್ತಿಯ ಸ್ವರಗಳಲ್ಲಿಯೇ ಹೆಚ್ಚು. ಏಕೆಂದರೆ ಕಿರಿದಾದ ನಾಳದಲ್ಲಿರುವ ದ್ರವದ ಜಡತ್ವವು ವೇಗದ ಕಂಪನಗಳಿಗೆ ಎಡೆಗೊಡುವುದಿಲ್ಲ. ದೇಹದೊಳಗಿನ ಶಬ್ದದ ವಿಷಯ ಇದಕ್ಕೆ ತಿರುಗುಮುರುಗು. ತಲೆಬುರುಡೆಯೇ ಕಂಪಿಸಿದಾಗ ತಡಿಕೆಯ ಎರಡು ಬದಿಗಳಲ್ಲಿಯೂ ಒತ್ತಡವು ಏರುವುದರಿಂದ ಬಹುಪಾಲು ತೂಗಿಹೋಗುತ್ತದೆ. ರಂಧ್ರವು ತಡಿಕೆಯ ಒಂದೇ ಬದಿಗೆ ಇರುವುದರಿಂದ ಆ ಬದಿಯ ಒತ್ತಡವು ಇಳಿದು, ವ್ಯತ್ಯಾಸವು ಹೆಚ್ಚುತ್ತದೆ. ಕಣ್ಣಿನ ಹೊರಳಾಟವೂ ಕೇಳಿಸುವುದು ಇದರಿಂದಲೇ.

ಗೋಡೆಯು ಓಲಾಡುವುದೇಕೆ? ೧೮೯೨ರಲ್ಲಿ ಎವಾಲ್ಡ್ ಎಂಬ ಶರೀರಕ್ರಿಯಾ ವಿಜ್ಞಾನಿಯು ಪಾರಿವಾಳಗಳ ಒಂದೊಂದೇ ನಾಳವನ್ನು ಒತ್ತಿ ನೋಡಿ, ಕಣ್ಣುಗಳು ಆಯಾ ನಾಳದ ಸಮತಲದಲ್ಲಿಯೇ ಚಲಿಸುವುವೆಂದು ಕಂಡನು. ಇಟಲಿಯ ಪಿಯೆತ್ರೊ ತುಲ್ಲಿಯೊ ಎಂಬಾತನು ಪಾರಿವಾಳದ ನಾಳಗಳಲ್ಲಿ ರಂಧ್ರ ಮಾಡಿ, ಬರಿಯ ಶಬ್ದದಿಂದಲೇ ಅದರ ತಲೆಯೂ ಕಣ್ಣುಗಳೂ ಚಲಿಸುವುದನ್ನು ೧೯೨೯ರಲ್ಲಿ ವರ್ಣಿಸಿದನು. ಪಾರಿವಾಳಗಳಿಗೆ ಇದು ಹಿತವಾಗಿರಲಾರದು. ಆದರೂ ಈ ಎರಡು ಪ್ರಯೋಗಗಳು ಮುಂದೆ ಮನುಷ್ಯರ ಪಾಲಿಗೆ ದೊಡ್ಡ ಉಪಕಾರವಾದುವು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿದ್ದ ಲಾಯ್ಡ್ ಮೈನರ್ ಎಂಬ ವೈದ್ಯರು ಇಂತಹ ರೋಗಿಗಳಿಗೆ ಶಬ್ದವನ್ನು ಕೇಳಿಸಿ ಕಣ್ಣುಗಳನ್ನು ಸೂಕ್ಷ್ಮವಾಗಿ ಗಮನಿಸಿದರು. ಅವು ಪಕ್ಕಕ್ಕೆ ಸರಿಯಲಿಲ್ಲ; ಮೇಲಕ್ಕೆ ಏರುತ್ತ, ತಮ್ಮ ಅಚ್ಚಿನ ಸುತ್ತ ಹೊರಳಿದುವು. ಆ ಚಲನೆಯ ಸಮತಲವು ಮೇಲಿನ ನಾಳದ ಸಮತಲವೇ. ಹಾಗಾದರೆ ಕಿಂಡಿ ಇರಬೇಕಾದುದೂ ಅಲ್ಲಿಯೇ! ಸಿ.ಟಿ. ಚಿತ್ರಗಳು ಈ ತರ್ಕವನ್ನು ಸಮರ್ಥಿಸಿದುವು. ಎಂಟು ರೋಗಿಗಳ ಈ ವೃತ್ತಾಂತವನ್ನು ಅವರೂ ಅವರ ಸಂಗಡಿಗರೂ ೧೯೯೮ರಲ್ಲಿ ಪ್ರಕಟಿಸಿದರು. ರಂಧ್ರವನ್ನು ಕಣ್ಣಿನಿಂದ ನೋಡುವ ಮೊದಲೇ ಅದರ ಸ್ಥಾನವನ್ನು ರೇಖಾಗಣಿತದಿಂದ ಗೊತ್ತುಮಾಡಿದ ಈ ಕ್ರಮವು ನನಗೆ ಬಹಳ ಮೆಚ್ಚಿಗೆಯಾದುದು.

ಪರೀಕ್ಷೆಯಲ್ಲಿ ನಮ್ಮ ಕಾಲೇಜುಗಳ ಹಳೆಯ ಒಡನಾಡಿಯಾದ ಶ್ರುತಿಕವೆಗೂ ಸ್ಥಾನವುಂಟು. ಕಂಪಿಸುವ ಕವೆಯ ಬುಡವನ್ನು ರೋಗಿಯ ಕಾಲಿನ ಹರಡಿನ ಎಲುಬಿಗೆ ಒತ್ತಿದರೆ, ಸಾಮಾನ್ಯರಿಗೆ ಅದರ ಅದುರುವಿಕೆ ಚರ್ಮಕ್ಕೆ ತಿಳಿಯುವುದೇ ಹೊರತು ಕಿವಿಗೆ ಕೇಳದು. ಈ ರೋಗಿಗಳಲ್ಲಿ ಕೆಲವರಿಗೆ ಆ ಸ್ವರವು ಕೆಟ್ಟ ಕಿವಿಯಲ್ಲಿ ಕೇಳುತ್ತದೆ. ಆದರೆ ಕವೆಯನ್ನು ಮಾತ್ರ ನಂಬಿದರೆ ಅಪಾಯವೂ ಇದೆ. ರಿಕಾಪು ಎಲುಬು ಬೆಳೆದು ಬಿಗಿದುಕೊಳ್ಳುವ ಇನ್ನೊಂದು ರೋಗದಲ್ಲಿಯೂ ಗಾಳಿಯ ಮೂಲಕ ಬಂದ ಶಬ್ದಕ್ಕಿಂತ ಎಲುಬಿನ ಮೂಲಕ ಬಂದ ಶಬ್ದವೇ ಚೆನ್ನಾಗಿ ಕೇಳುವುದು. ಈ ಹೋಲಿಕೆಯಿಂದ ದಾರಿತಪ್ಪಿ, ನೆಟ್ಟಗಿದ್ದ ರಿಕಾಪಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಫಲ ಕಾಣದವರು ಇದ್ದಾರೆ. ಭೇದವನ್ನು ತಿಳಿಸುವುದು ಒಂದು ಕಿರಿಯ ಸ್ನಾಯು. ಭಾರಿ ಶಬ್ದವಾದೊಡನೆ ಅದು ರಿಕಾಪನ್ನು ಎಳೆದು ಹಿಡಿಯುತ್ತದೆ. ಎಲುಬು ಬಿಗಿದಿದ್ದರೆ ಈ ಪ್ರತಿಕ್ರಿಯೆ ಕಾಣದು. ರಂಧ್ರದ ರೋಗದಲ್ಲಿ ಅದು ಉಳಿದಿರುತ್ತದೆ.

ಸಿ.ಟಿ. ಚಿತ್ರವೂ ಮೋಸಮಾಡಬಹುದು. ಅತಿ ತೆಳುವಾದ ಎಲುಬು ದಪ್ಪ ಪದರಗಳ ಚಿತ್ರದಲ್ಲಿ ಇಲ್ಲದಂತೆಯೇ ಕಾಣುವುದರಿಂದ, ಸುಮಾರು ಅರ್ಧ ಮಿಲಿಮೀಟರಿನ ಪದರಗಳಲ್ಲಿ ಚಿತ್ರ ತೆಗೆದು ನಾಳದ ಸಮತಲಕ್ಕೆ ಹೊಂದಿಸಿ ನೋಡಬೇಕು. ೨೦೦೦ದಲ್ಲಿ ವರದಿಯಾದ ಒಂದು ಶೋಧನೆಯಲ್ಲಿ ಮೃತರ ೧೦೦೦ ಕಪೋಲಾಸ್ಥಿಗಳನ್ನು ಪರೀಕ್ಷಿಸಿದಾಗ, ಪೂರ್ಣ ರಂಧ್ರವು ಕಂಡದ್ದು ಶೇಕಡ ೦.೫ರಷ್ಟರಲ್ಲಿ ಮಾತ್ರ. ಆದುದರಿಂದ ಚಿತ್ರದೊಡನೆ ಬೇರೊಂದು ಸಾಕ್ಷ್ಯವೂ ಬೇಕು. ಜೋರಾದ ಶಬ್ದಕ್ಕೆ ಕತ್ತಿನ ಸ್ನಾಯುವಿನ ಬಿಗಿತವು ಕ್ಷಣಕಾಲ ಸಡಿಲಗೊಳ್ಳುವುದನ್ನು ವಿದ್ಯುತ್ ಸಂಕೇತದಿಂದ ಅಳೆಯುವ ವಿಧಾನವೊಂದಿದೆ. ಮೂರನೆಯ ಕಿಟಕಿ ಉಳ್ಳವರಲ್ಲಿ ಇದಕ್ಕೆ ವಾಡಿಕೆಗಿಂತ ಮೆಲುವಾದ ಶಬ್ದವೇ ಸಾಕಾಗುತ್ತದೆ.

ಬಾಧೆಯು ಅಲ್ಪವಾಗಿದ್ದರೆ ಗದ್ದಲದಿಂದ ದೂರವಿರುವುದೇ ಚಿಕಿತ್ಸೆ. ಬಾಳು ದುಸ್ತರವಾದವರಿಗೆ ಶಸ್ತ್ರಚಿಕಿತ್ಸೆಯುಂಟು: ತಲೆಬುರುಡೆಯನ್ನು ತೆರೆದು ಮಿದುಳನ್ನು ಮೆಲ್ಲನೆ ಎತ್ತಿ, ಅಥವಾ ಕಿವಿಯ ಹಿಂದಿನ ಎಲುಬನ್ನು ಕೊರೆದು, ರೋಗಿಯದೇ ಸ್ನಾಯುವಿನ ಪೊರೆಯಿಂದಲೂ ಎಲುಬಿನ ಪುಡಿಯಿಂದಲೂ ನಾಳವನ್ನು ಮುಚ್ಚುತ್ತಾರೆ. ಶ್ರವಣಶಕ್ತಿಗೆ ಹಾನಿಯಾಗುವ ಸಂಭವವು ಇಲ್ಲದಿಲ್ಲ. ಮುಚ್ಚಿದ ನಾಳವು ತಲೆಯ ಚಲನೆಯನ್ನು ಇನ್ನು ಅಳೆಯುವುದೂ ಇಲ್ಲ. ಕೆಲವು ಕಾಲ ರೋಗಿಯು ತೂಗಾಡುತ್ತ ನಡೆಯುತ್ತಾನೆ. ಬರಬರುತ್ತ ಮಿದುಳು ಉಳಿದ ಐದು ನಾಳಗಳ ವರದಿಯಿಂದಲೇ ಲೆಕ್ಕ ಹಾಕಿಕೊಳ್ಳಲು ಕಲಿಯುತ್ತದೆ.