ದುಬಾರಿ ಪೆಟ್ರೋಲ್ ನಿಮ್ಮ ಕಾರಿಗೆ ಬೇಕೇ?

ಸಮಸ್ಯೆ: ಜೆ.ಪಿ. ನಗರದ ಓದುಗರೊಬ್ಬರದು ಆರು ವರ್ಷ ಹಳೆಯ ಸಾಮಾನ್ಯ ಪೆಟ್ರೋಲ್ ಕಾರು. ದಿನವೂ ಸಿಲ್ಕ್ ಬೋರ್ಡ್ ದಾಟಿ ಕಚೇರಿಗೆ ಹೋಗುತ್ತಾರೆ. ಮೈಲೇಜ್ ಇಳಿದಿದೆ. ಬಂಕಿನವರು ‘ಪ್ರೀಮಿಯಂ ಹಾಕಿಸಿ’ ಎನ್ನುತ್ತಿದ್ದಾರೆ. ಲೀಟರಿಗೆ 8 ರೂಪಾಯಿ ಹೆಚ್ಚು ಕೊಡಬೇಕೇ?

ತಜ್ಞರ ಉತ್ತರ: ಬೇಕಿಲ್ಲ.

ಮೊದಲು ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಬಳಿಯ ಸ್ಟಿಕ್ಕರ್ ಮತ್ತು ಕಾರಿನ ಕೈಪಿಡಿ ನೋಡಿ. 91 ಆಕ್ಟೇನ್ ಸಾಕು ಎಂದಿದ್ದರೆ ಸಾಮಾನ್ಯ ಪೆಟ್ರೋಲನ್ನೇ ಹಾಕಿಸಿ. ಆಕ್ಟೇನ್ ಸಂಖ್ಯೆ ಶಕ್ತಿಯ ಅಳತೆಯಲ್ಲ. ಎಂಜಿನ್ನಿನೊಳಗೆ ಪೆಟ್ರೋಲ್ ಹೊತ್ತಿಗೆ ಮುಂಚೆ ತಾನಾಗಿ ಹೊತ್ತಿಕೊಳ್ಳದಂತೆ ತಡೆಯುವ ಗುಣದ ಅಳತೆ. ಹಿಂದೂಸ್ತಾನ್ ಪೆಟ್ರೋಲಿಯಂ 2017ರಲ್ಲಿ ಬೆಂಗಳೂರಿಗೆ ತಂದ ಪವರ್ 99, ಇಂಡಿಯನ್ ಆಯಿಲ್‌ನ ಎಕ್ಸ್‌ಪಿ 100 ಇವೆಲ್ಲ ಹೆಚ್ಚು ಕಂಪ್ರೆಷನ್‌ನ ಐಷಾರಾಮಿ ಕಾರು, ದೊಡ್ಡ ಬೈಕುಗಳಿಗೆ ಹೊಂದುವಂಥವು.

ತಿಂಗಳಿಗೆ 40 ಲೀಟರ್ ಹಾಕಿಸಿದರೂ ವರ್ಷಕ್ಕೆ 3,840 ರೂಪಾಯಿ ಹೆಚ್ಚು ಖರ್ಚು. ಅದೇ ಹಣದಲ್ಲಿ ಏರ್ ಫಿಲ್ಟರ್ ಬದಲಿಸಿ, ಸ್ಪಾರ್ಕ್ ಪ್ಲಗ್ ಪರೀಕ್ಷಿಸಿ. ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಿಸಿ. ಉದ್ದದ ಸಿಗ್ನಲ್‌ಗಳಲ್ಲಿ ಎಂಜಿನ್ ಆರಿಸಿ.

ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುವುದರಿಂದಲೂ ಮೈಲೇಜ್ ಸ್ವಲ್ಪ ಇಳಿಯುತ್ತದೆ. ನಿಮ್ಮ ಕಾರಿಗೆ ಅದು ಹೊಂದುತ್ತದೆಯೇ ಎಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ.

ಏರು ಹತ್ತುವಾಗ ಎಂಜಿನ್ ಕಟಕಟ ಸದ್ದು ಮಾಡಿದರೆ, ಎಚ್ಚರಿಕೆ ದೀಪ ಹೊತ್ತಿದರೆ ಅಥವಾ ಮೈಲೇಜ್ ದಿಢೀರನೆ ಕುಸಿದರೆ ತಡಮಾಡದೆ ಮೆಕ್ಯಾನಿಕ್ ಬಳಿ ಒಯ್ಯಿರಿ.

ಬಂಕಿನ ಮೇಲೆಯೇ ಅನುಮಾನವಿದ್ದರೆ ಫಿಲ್ಟರ್ ಪೇಪರ್ ಪರೀಕ್ಷೆ, 5 ಲೀಟರ್ ಅಳತೆ ಪಾತ್ರೆಯ ಪರೀಕ್ಷೆ ಕೇಳುವುದು ನಿಮ್ಮ ಹಕ್ಕು. ಅಳತೆ ಕಡಿಮೆ ಬಂದರೆ ಬಿಲ್ ಸಮೇತ ಕಾನೂನು ಮಾಪನ ಇಲಾಖೆಗೆ ದೂರು ಕೊಡಿ.